ಸಮುದ್ರವನ್ನು ಗಾಜಿನೊಳಗೆ ತಂದ ಫಿಲಿಪ್ ಗಾಸ್

ರೋಣ, ನರಗುಂದ, ಗಜೇಂದ್ರಗಡದ ಕಡೆಯ ನಮಗೆ ಸಮುದ್ರ ಅಂದ್ರೆ ಗೋಕರ್ಣಕ್ಕೋ ಕಾರವಾರಕ್ಕೋ ಟ್ರಿಪ್ ಹೋದಾಗ ನೋಡಿ ಬರೋದು, ಅಷ್ಟೇ. ಎರೆಹೊಲದ ಊರಲ್ಲಿ ಕೂತು ಹವಳ ಸಾಕ್ತೀನಿ ಅಂದ್ರೆ ಯಾರಾದ್ರೂ ನಗ್ತಾರೆ. ಆದರೆ ಸಮುದ್ರದಿಂದ ದೂರ ಇರೋ ಮನೆಯಲ್ಲೂ ಕಡಲ ಜೀವಿಗಳನ್ನು ಉಳಿಸಿಕೊಳ್ಳಬಹುದು ಅಂತ ಜನಕ್ಕೆ ಹೇಳಿಕೊಟ್ಟವರು ಫಿಲಿಪ್ ಹೆನ್ರಿ ಗಾಸ್. ‘ಅಕ್ವೇರಿಯಂ’ ಅನ್ನೋ ಪದ ಇವತ್ತಿನ ಅರ್ಥದಲ್ಲಿ ಜನಪ್ರಿಯ ಆಗಿದ್ದೂ ಇವರಿಂದಲೇ.

ಗಾಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು, ಇಂಗ್ಲೆಂಡಿನ ವೂಸ್ಟರ್‌ನಲ್ಲಿ. ಅಪ್ಪ ಊರೂರು ತಿರುಗಿ ಪುಟ್ಟ ಭಾವಚಿತ್ರಗಳನ್ನು ಬರೆಯುತ್ತಿದ್ದ ಕಲಾವಿದ. ಮನೆಯಲ್ಲಿ ದುಡ್ಡು ಕಮ್ಮಿ, ಕಾಲೇಜು ಓದಲಿಲ್ಲ. ಹದಿನೈದಕ್ಕೇ ಗುಮಾಸ್ತರಾದರು. 1827ರಲ್ಲಿ, ನಾವು ಪಿಯುಸಿ ಓದೋ ವಯಸ್ಸಿಗೆ, ಕೆಲಸಕ್ಕಾಗಿ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡ್‌ಗೆ ಹೋದರು. ಅಲ್ಲಿ 1832ರಲ್ಲಿ ಸೂಕ್ಷ್ಮದರ್ಶಕದ ಬಗ್ಗೆ ಒಂದು ಪುಸ್ತಕ ಕೊಂಡರು, ಜೀವನದ ದಾರಿಯೇ ಬದಲಾಯ್ತು. ಆಮೇಲೆ ಕೆನಡಾದಲ್ಲಿ ಒಕ್ಕಲುತನ ಮಾಡಿ ಸೋತರು, ಅಲಬಾಮಾದಲ್ಲಿ ಮೇಷ್ಟ್ರಾದರು, ಜಮೈಕಾದಲ್ಲಿ ಹಕ್ಕಿಗಳ ಅಧ್ಯಯನ ಮಾಡಿದರು.

1852ರಲ್ಲಿ ಆರೋಗ್ಯ ಕೆಟ್ಟು ಡೆವನ್ ಕಡಲತೀರಕ್ಕೆ ಹೋದರು. ಅಲ್ಲಿನ ಬಂಡೆಗಳಲ್ಲಿ ಸಿಕ್ಕಿದ್ದು ಬಟ್ಟಲಿನ ಆಕಾರದ ಒಂದು ಪುಟ್ಟ ಹವಳ. ಬೆಚ್ಚನೆಯ ಸಮುದ್ರದ ಬಹಳಷ್ಟು ಹವಳಗಳ ಮೈಯಲ್ಲಿ ಸೂಕ್ಷ್ಮ ಪಾಚಿ ಇರುತ್ತೆ, ಬೆಳಕಿನಿಂದ ಅದೇ ಅಡುಗೆ ಮಾಡಿಕೊಡುತ್ತೆ. ಈ ಹವಳಕ್ಕೆ ಆ ಪಾಚಿ ಇಲ್ಲ. ಬೇಟೆ ಸಿಕ್ಕರೆ ಊಟ, ಇಲ್ಲಾಂದ್ರೆ ಉಪವಾಸ. ಗುಂಡುಪಿನ್ನಿನ ತಲೆಯಷ್ಟು ಪುಟ್ಟ ಜೇಡವೊಂದನ್ನು ಗಾಸ್ ಹುಲ್ಲುಕಡ್ಡಿಯಿಂದ ಅದರ ಹತ್ತಿರ ತಳ್ಳಿದರು. ಜೇಡ ಹವಳದ ಎಳೆಗೆ ಅಂಟಿಕೊಂಡಿತು, ನಿಧಾನವಾಗಿ ಬಾಯಿಯ ಕಡೆ ಸಾಗಿತು. ಗಾಸ್ ಲೆನ್ಸ್ ಹಿಡಿದು ಎಲ್ಲವನ್ನೂ ನೋಡಿ ಬರೆದಿಟ್ಟರು.

ಇದೇ ಜಾತಿಯ ಹವಳವನ್ನು ಅನ್ನಾ ಥಿನ್ ಅನ್ನೋ ಮಹಿಳೆ 1846ರಲ್ಲೇ ಲಂಡನ್ನಿಗೆ ತಂದು ಸಾಕಿದ್ದರು. ಪಂಪ್ ಇಲ್ಲದ ಕಾಲ. ಕಿಟಕಿ ಹತ್ತಿರ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿಸಿ ಗಾಳಿ ಬೆರೆಸುತ್ತಿದ್ದರು. ನಮ್ಮಲ್ಲಿ ಚಹಾ ಆರಿಸ್ತಾರಲ್ಲ, ಹಾಗೆ.

1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಅದಕ್ಕೆ ಗಾಸ್ ಕಡಲ ಜೀವಿಗಳನ್ನು ಒದಗಿಸಿದ್ದರು. ಮರುವರ್ಷ ನಾಲ್ಕು ಲವಣ ಬೆರೆಸಿ ಕೃತಕ ಸಮುದ್ರದ ನೀರು ಮಾಡುವ ಲೆಕ್ಕ ಕೊಟ್ಟರು. ಅಡುಗೆ ಉಪ್ಪು, ಎಪ್ಸಮ್ ಸಾಲ್ಟ್, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್: ನಮ್ಮ ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಿನ ಸಾಮಾನುಗಳೇ! ಆ ವರ್ಷ ಬಂದ ಅವರ ‘ದಿ ಅಕ್ವೇರಿಯಂ’ ಪುಸ್ತಕದಿಂದ ಮನೆಮನೆಗೂ ಗಾಜಿನ ತೊಟ್ಟಿ ಬಂತು.

1857 ಕೆಟ್ಟ ವರ್ಷ. ಹೆಂಡತಿ ಎಮಿಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಧರ್ಮಗ್ರಂಥಕ್ಕೂ ಭೂವಿಜ್ಞಾನಕ್ಕೂ ಹೊಂದಾಣಿಕೆ ಮಾಡಲು ಬರೆದ ಪುಸ್ತಕವನ್ನು ಎರಡೂ ಕಡೆಯವರು ತಳ್ಳಿಹಾಕಿದರು. ಪುಟ್ಟ ಮಗನನ್ನು ಕರೆದುಕೊಂಡು ಡೆವನ್‌ಗೆ ಹೋಗಿ ನೆಲೆಸಿದರು. ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದು ನಿಂತ 1858ರಲ್ಲೇ, ಬ್ರಿಟನ್ನಿನ ಕಡಲ ಹೂಗಳು ಮತ್ತು ಹವಳಗಳ ಬಗ್ಗೆ ಗಾಸ್ ಅವರ ದೊಡ್ಡ ಗ್ರಂಥ ಕಂತುಗಳಲ್ಲಿ ಬರಲು ಶುರುವಾಯ್ತು. ಚಿತ್ರಗಳೂ ಅವರವೇ.

ಆದರೆ ಪುಸ್ತಕ ಓದಿದ ಜನ ಬುಟ್ಟಿ ಹಿಡಿದು ತೀರಕ್ಕೆ ನುಗ್ಗಿದರು. ಬಂಡೆಗಳ ನಡುವಿನ ಹೊಂಡಗಳು ಬರಿದಾದವು. ಅಪ್ಪನಿಗೆ ಇದು ದೊಡ್ಡ ನೋವಾಗಿತ್ತು ಅಂತ ಮಗ ಎಡ್ಮಂಡ್ 1907ರಲ್ಲಿ ಬರೆದರು. ಗಾಸ್ 1888ರ ಆಗಸ್ಟ್ 23ರಂದು ತೀರಿಕೊಂಡರು.

ಬೆಳಕು ಬೇಡದ ‘ಸನ್ ಕೋರಲ್’ ಇವತ್ತು ಹೊರದೇಶಗಳ ಮನೆ ತೊಟ್ಟಿಗಳಲ್ಲಿ ಇದೆ. ಅದರ ಒಂದೊಂದು ಪಾಲಿಪ್ ಒಂದೊಂದು ಬಾಯಿ, ಪ್ರತಿಯೊಂದಕ್ಕೂ ಸಣ್ಣ ಸಿಗಡಿಯ ಚೂರು ತಿನ್ನಿಸಬೇಕು. ಆಗ ಪಂಪ್ ನಿಲ್ಲಿಸಬೇಕು, ಉಳಿದದ್ದು ಕೊಳೆತರೆ ನೀರು ಕೆಡುತ್ತೆ, ಅದಕ್ಕೇ ಮತ್ತೆ ಮತ್ತೆ ನೀರು ಬದಲಿಸಬೇಕು. ನಮ್ಮ ದೇಶದಲ್ಲಂತೂ ಕಲ್ಲು ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ. ಸಮುದ್ರದಿಂದ ಕಿತ್ತು ತರೋದು, ಮಾರೋದು ಅಪರಾಧ. ಯಾರಾದ್ರೂ ಕಮ್ಮಿ ರೇಟಿಗೆ ಹವಳ ಕೊಡ್ತೀನಿ ಅಂದ್ರೆ, ಡೆವನ್ನಿನ ಆ ಬರಿದಾದ ಹೊಂಡಗಳನ್ನು ನೆನಪಿಸಿಕೊಳ್ಳಿ.