ಶ್ರೀಮತಿ ಸರೋಜಿನೀ ನಾಯ್ಡು

ಹೈದರಾಬಾದು ಸಂಸ್ಥಾನದಿಂದ ಉನ್ನತ ವಿದ್ಯೆಗಾಗಿ ವಿಲಾಯಿತಿಗೆ ತೆರಳಿದ ಸ್ತ್ರೀಯರಲ್ಲಿ ಶ್ರೀಮತಿ ಸರೋಜಿನೀ ನಾಯ್ಡು ಅವರ ಹೆಸರನ್ನು ಕೇಳದವರು ವಿರಳ. ಇವರು 1879ನೆಯ ಇಸವಿ ಫೆಬ್ರವರಿ 13ರಂದು ಹೈದರಾಬಾದು ಪಟ್ಟಣದಲ್ಲಿ ಜನಿಸಿದರು. ತಂದೆಯವರಾದ ಅಘೋರನಾಥ ಚಟ್ಟೋಪಾಧ್ಯಾಯರು ಎಡಿನ್‌ಬರೋದಲ್ಲಿ ವಿಜ್ಞಾನದ ಡಾಕ್ಟರ್ ಪದವಿಯನ್ನು ಪಡೆದು, ಮುಂದೆ ನಿಜಾಮ್ ಕಾಲೇಜೆಂದು ಹೆಸರಾದ ವಿದ್ಯಾಲಯಕ್ಕೆ ಮುಖ್ಯಸ್ಥರಾಗಿದ್ದವರು. ತಾಯಿಯವರು ಬಂಗಾಳಿಯಲ್ಲಿ ಪದ್ಯಗಳನ್ನು ರಚಿಸುತ್ತಿದ್ದರು. ಮಗಳು ಗಣಿತಜ್ಞೆಯಾಗಲೆಂಬುದು ತಂದೆಯವರ ಅಪೇಕ್ಷೆ. ಅವಳ ಮನಸ್ಸೋ ಕವಿತೆಯ ಕಡೆಗೆ. 12ನೆಯ ವಯಸ್ಸಿನಲ್ಲಿಯೇ ಆಕೆಯು ಮದರಾಸು ವಿಶ್ವವಿದ್ಯಾನಿಲಯದ ಮ್ಯಾಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದಳು.

1895ರಲ್ಲಿ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರು ವಿದ್ಯಾರ್ಥಿವೇತನವನ್ನು ದಯಪಾಲಿಸಲು, ಹದಿನಾರರ ಆ ಬಾಲೆಯು ಲಂಡನ್ನಿನ ಕಿಂಗ್ಸ್ ಕಾಲೇಜನ್ನೂ, ಬಳಿಕ ಕೇಂಬ್ರಿಜ್ಜಿನ ಗರ್ಟನ್ ಕಾಲೇಜನ್ನೂ ಸೇರಿದಳು. ಆಕೆಯ ಪ್ರತಿಭೆಯು ಅದಕ್ಕೆ ಸರ್ವಥಾ ಯೋಗ್ಯವಾಗಿತ್ತು. ಆದರೂ ನಮ್ಮ ಕಡೆಯ ವಾಚಕರು ಒಂದು ಸಂಗತಿಯನ್ನು ಆಲೋಚಿಸಬೇಕು. ಆಗ ಲಿಂಗಸುಗೂರು ಅದೇ ನಿಜಾಮರ ರಾಜ್ಯದ ಒಂದು ಜಿಲ್ಲೆಯಾಗಿತ್ತು. ಆ ಜಿಲ್ಲೆಯನ್ನು ರದ್ದುಪಡಿಸಿದ್ದು 1905ರಲ್ಲಿ. ಸಿಂಧನೂರು, ಮಸ್ಕಿಗಳ ಎರೆಭೂಮಿಯಲ್ಲಿ ಜೋಳ ಬೆಳೆದವರ ಕಂದಾಯವೂ, ಕೆಲಕಾಲದ ಮೇಲೆ ಹಟ್ಟಿಯ ಗಣಿಯ ಬಂಗಾರವೂ ಆ ರಾಜ್ಯದ ಐಶ್ವರ್ಯಕ್ಕೆ ಸೇರಿದವು. ಆದರೆ ವೇತನಕ್ಕೆ ಅರ್ಜಿ ಕೊಡುವ ಮೊದಲು ಮ್ಯಾಟ್ರಿಕ್ಯುಲೇಷನ್ ಆಗಬೇಕು; ಅದಕ್ಕೆ ಶಾಲೆ ಬೇಕು, ಕಲಿಸುವವರು ಬೇಕು, ಮಗಳನ್ನು ಹೊಲದ ಕೆಲಸದಿಂದ ಬಿಡಿಸುವಷ್ಟು ಅನುಕೂಲ ಮನೆಯಲ್ಲಿರಬೇಕು. ಪ್ರಿನ್ಸಿಪಾಲರ ಮಗಳಿಗೆ ಇವೆಲ್ಲ ಹುಟ್ಟಿನಿಂದಲೇ ಒದಗಿದ್ದವು. ರೈತನ ಮಗಳಿಗೆ ವೇತನವೆಂಬುದೊಂದು ಇದೆಯೆಂದು ತಿಳಿಸುವವರು ಯಾರಿದ್ದರು? 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನೆಯೂ ಉರ್ದುವಿನಲ್ಲಿ ನಡೆಯಿತು. ಕನ್ನಡ ಮನೆಗಳ ಮಕ್ಕಳಿಗೆ ಅದೂ ಪರಭಾಷೆಯೇ. ಕಲಬುರ್ಗಿಯಲ್ಲಿ ವಿಶ್ವವಿದ್ಯಾನಿಲಯವಾದದ್ದು 1980ರಲ್ಲಿ. ಸಂವಿಧಾನದ 371ಜೆ ವಿಧಿಯ ಮೇರೆಗೆ ಈ ಜಿಲ್ಲೆಗಳ ಮಕ್ಕಳಿಗೆ ಕಾಲೇಜುಗಳಲ್ಲಿ ಸ್ಥಾನಗಳನ್ನು ಕಾದಿರಿಸಿದ್ದು 2013ರಲ್ಲಿ.

ಸರೋಜಿನೀ ದೇವಿಯವರಿಗೂ ಎಲ್ಲ ಬಾಗಿಲುಗಳು ತೆರೆದಿರಲಿಲ್ಲ. ಕೇಂಬ್ರಿಜ್ಜಿನಲ್ಲಿ ಸ್ತ್ರೀಯರು ಪಾಠಗಳನ್ನು ಕೇಳಬಹುದಿತ್ತು, ಪರೀಕ್ಷೆಗೂ ಕುಳಿತುಕೊಳ್ಳಬಹುದಿತ್ತು. ಪದವಿ ಮಾತ್ರ ದೊರೆಯುತ್ತಿರಲಿಲ್ಲ. ಅವರು 1898ರಲ್ಲಿ ಪದವಿಯಿಲ್ಲದೆಯೇ ಸ್ವದೇಶಕ್ಕೆ ಮರಳಿ, ಜಾತಿಯ ಕಟ್ಟನ್ನು ಮೀರಿ ಡಾಕ್ಟರ್ ಗೋವಿಂದರಾಜುಲು ನಾಯ್ಡು ಅವರನ್ನು ವಿವಾಹವಾದರು. 1906ರಲ್ಲಿ ಕಲ್ಕತ್ತೆಯ ಸಾಮಾಜಿಕ ಪರಿಷತ್ತಿನಲ್ಲಿ ಸ್ತ್ರೀವಿದ್ಯೆಯ ಪಕ್ಷವನ್ನು ಹಿಡಿದು ಭಾಷಣ ಮಾಡಿದರು. 1925ರಲ್ಲಿ ಕಾನ್ಪುರದ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದರು. ಸ್ವಾತಂತ್ರ್ಯಾನಂತರ ಸಂಯುಕ್ತ ಪ್ರಾಂತದ ರಾಜ್ಯಪಾಲರಾದರು.

1948ರಲ್ಲಿ ಕೇಂಬ್ರಿಜ್ ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಡಲಾರಂಭಿಸಿತು. ಮರುವರ್ಷ ಮಾರ್ಚ್ 2ರಂದು ಲಖನೌದಲ್ಲಿ ಸರೋಜಿನೀ ದೇವಿಯವರು ಕಾಲವಶರಾದರು.