ಕ್ಯಾಮೆರಾ ಹಿಡಿದ ಕೈ, ನೆರೆಯವನ ಕೈ



ಹಸಿವಿನಿಂದ ನೆಲಕ್ಕೆ ಕುಸಿದ ಮಗು, ಅದರ ಹಿಂದೆ ಕಾದು ಕುಳಿತ ರಣಹದ್ದು. ಈ ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದನ್ನು ತೆಗೆದವರು ಕೆವಿನ್ ಕಾರ್ಟರ್. ಅವರ ಬಾಳು ನಮ್ಮೆಲ್ಲರ ಮನಸ್ಸಾಕ್ಷಿಯನ್ನು ಪ್ರಶ್ನಿಸುತ್ತದೆ.

ಕಾರ್ಟರ್ ಹುಟ್ಟಿದ್ದು 1960ರಲ್ಲಿ, ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್‌ನಲ್ಲಿ. ಅದು ವರ್ಣಭೇದ ನೀತಿಯ ಕಾಲ. ಬಿಳಿಯರಿಗಷ್ಟೇ ಮೀಸಲಾದ ಬಡಾವಣೆಯಲ್ಲಿ ಬೆಳೆದು, ಕಥೋಲಿಕ ವಸತಿಶಾಲೆಯಲ್ಲಿ ಓದಿದರು. 1980ರಲ್ಲಿ ಸೈನ್ಯದ ಸೇವೆಯಲ್ಲಿದ್ದಾಗ, ಊಟ ಬಡಿಸುವ ಕಪ್ಪು ವರ್ಣದ ಕೆಲಸಗಾರನೊಬ್ಬನನ್ನು ಇತರರು ಅವಮಾನಿಸಿದರು. ಕಾರ್ಟರ್ ಅವನ ಪರವಾಗಿ ನಿಂತರು. ಅದಕ್ಕಾಗಿ ತಮ್ಮ ಸಂಗಡಿಗರಿಂದಲೇ ಬಲವಾದ ಪೆಟ್ಟು ತಿಂದರು. ಇದನ್ನು ನೆನಪಿನಲ್ಲಿಡಿ. ಅವರು ಕಲ್ಲೆದೆಯವರಾಗಿರಲಿಲ್ಲ.

1983ರಲ್ಲಿ ಪ್ರಿಟೋರಿಯಾದ ಬಾಂಬ್ ಸ್ಫೋಟ ಕಂಡ ಮೇಲೆ ಅವರು ಪತ್ರಿಕಾ ಛಾಯಾಗ್ರಾಹಕರಾದರು. ಕೊರಳಿಗೆ ಉರಿಯುವ ಟಯರ್ ಹಾಕಿ ಜನರನ್ನು ಕೊಲ್ಲುತ್ತಿದ್ದ ಕ್ರೌರ್ಯವನ್ನೂ ಚಿತ್ರದಲ್ಲಿ ಸೆರೆಹಿಡಿದು ಲೋಕಕ್ಕೆ ತೋರಿಸಿದರು.

1993ರ ಮಾರ್ಚ್‌ನಲ್ಲಿ ಕ್ಷಾಮಪೀಡಿತ ಸೂಡಾನಿನ ಆಯೋದ್ ಎಂಬ ಹಳ್ಳಿಗೆ ಹೋದರು. ಆಹಾರ ಕೇಂದ್ರದ ಹತ್ತಿರವೇ ಆ ಮಗುವನ್ನು ಕಂಡರು. ಹದ್ದು ರೆಕ್ಕೆ ಬಿಚ್ಚೀತೆಂದು ಸುಮಾರು 20 ನಿಮಿಷ ಕಾದರು. ಬಳಿಕ ಹದ್ದನ್ನು ಓಡಿಸಿದರು. ಆದರೆ ಮಗುವನ್ನು ಎತ್ತಿಕೊಳ್ಳಲಿಲ್ಲ. ರೋಗ ಹರಡುವ ಭಯದಿಂದ ಯಾರನ್ನೂ ಮುಟ್ಟಬಾರದೆಂದು ಪತ್ರಕರ್ತರಿಗೆ ಸೂಚನೆಯಿತ್ತು. ಅವರು ಮರದಡಿ ಕುಳಿತು ಅತ್ತರು.

ಮಾರ್ಚ್ 26ರಂದು ಚಿತ್ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪ್ರಕಟವಾಯಿತು. ಮಗು ಏನಾಯಿತೆಂದು ಓದುಗರು ಕೇಳಿದರು. ಕೊನೆಗೆ ಏನಾಯಿತೆಂದು ಕಾರ್ಟರ್ ಅವರಿಗೂ ಖಚಿತವಾಗಿ ತಿಳಿದಿರಲಿಲ್ಲ. 1994ರ ಏಪ್ರಿಲ್‌ನಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಅದೇ ತಿಂಗಳ 18ರಂದು ಗೆಳೆಯ, ಛಾಯಾಗ್ರಾಹಕ ಕೆನ್ ಊಸ್ಟರ್‌ಬ್ರೂಕ್ ತೊಕೋಜಾದಲ್ಲಿ ಗುಂಡಿಗೆ ಬಲಿಯಾದರು. ಜುಲೈ 27ರಂದು, 33ನೆಯ ವಯಸ್ಸಿನಲ್ಲಿ, ಕಾರ್ಟರ್ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಈ ಒಂದು ಚಿತ್ರವೇ ಕಾರಣವೆನ್ನುವುದು ತಪ್ಪು. ಸಾಲ, ಮಾದಕವಸ್ತು, ಕಂಡ ಸಾವುಗಳ ನೆನಪು ಎಲ್ಲವೂ ಅವರನ್ನು ಹಿಂಡಿದ್ದವು. ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗದೆ ಪ್ರಾರ್ಥಿಸಬೇಕೆಂದೇ ಧರ್ಮಸಭೆ ಬೋಧಿಸುತ್ತದೆ.

2011ರಲ್ಲಿ ಸ್ಪೇನಿನ ಪತ್ರಕರ್ತರು ಆ ಹಳ್ಳಿಗೆ ಹೋಗಿ ವಿಚಾರಿಸಿದರು. ಮಗು ಆ ಕ್ಷಾಮದಲ್ಲಿ ಸತ್ತಿರಲಿಲ್ಲ. ಚಿತ್ರದಲ್ಲಿ ಕಾಣುವ ಕೈಪಟ್ಟಿ ಅದು ಆಹಾರ ಕೇಂದ್ರದ ಆರೈಕೆಯಲ್ಲಿತ್ತು ಎಂಬುದರ ಗುರುತಾಗಿತ್ತು.

ಹಾಗಾದರೆ ಕಾರ್ಟರ್ ನಿರ್ದೋಷಿಯೇ? ಮಗು ಬದುಕಿತೆಂಬ ಕಾರಣಕ್ಕೆ ಪ್ರಶ್ನೆ ಅಳಿಯುವುದಿಲ್ಲ. ಚಿತ್ರ ತೆಗೆಯುವುದೂ ಸೇವೆಯೇ. ಲೋಕ ಕಾಣದಿದ್ದರೆ ನೆರವು ಬಾರದು. ನೆರವಾಗಲು ಬೇರೆಯವರು ಇದ್ದಲ್ಲಿ ಛಾಯಾಗ್ರಾಹಕ ತನ್ನ ಕೆಲಸ ಮಾಡಲಿ. ಆದರೆ ಅಪಾಯದಲ್ಲಿರುವವನ ಬಳಿ ತಾನೊಬ್ಬನೇ ಇದ್ದಾಗ, ತನ್ನ ಕೈಯಿಂದ ನೆರವು ಸಾಧ್ಯವಿದ್ದಾಗ, ಮೊದಲ ಕರ್ತವ್ಯ ಆ ಜೀವಕ್ಕೆ. ಸಾವಿರ ಜನರ ಒಳಿತಿಗಾಗಿಯೂ ಎದುರಿನ ಒಬ್ಬನನ್ನು ಬರಿಯ ಸಾಧನವಾಗಿ ಕಾಣಲಾಗದು.

ಸಮಾರಿಯದವನ ಸಾಮತಿಯಲ್ಲಿ ಯಾಜಕನೂ ಲೇವಿಯನೂ ಗಾಯಗೊಂಡವನನ್ನು ನೋಡಿದರು. ಸಮಾರಿಯದವನೂ ನೋಡಿದ, ಆದರೆ ಅವನು ಹತ್ತಿರ ಬಂದ. ವ್ಯತ್ಯಾಸ ಇಷ್ಟೇ.

ಇಂದು ನಮ್ಮ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇದೆ. ರಸ್ತೆಯಲ್ಲಿ ಯಾರಾದರೂ ಬಿದ್ದಿದ್ದರೆ ನಿಮ್ಮ ಕೈ ಮೊದಲು ಯಾವುದಕ್ಕೆ ಚಾಚುತ್ತದೆ? ಇದನ್ನು ನಿಮ್ಮ ಮನೆಯಲ್ಲಿ ಮಕ್ಕಳೊಂದಿಗೆ ಕುಳಿತು ಮಾತಾಡಿರಿ.