ವಿಟೆಟ್ ಮಹಾಶಯರೂ ಮಲಾಡಿನ ಕಲ್ಲೂ

ಸ್ಕಾಟ್ಲೆಂಡಿನಲ್ಲಿ 1878ರಲ್ಲಿ ಜನಿಸಿದ ಜಾರ್ಜ್ ವಿಟೆಟ್ ಮಹಾಶಯರು 1904ರಲ್ಲಿ ಭಾರತಕ್ಕೆ ಬಂದರು. ಮುಂಬಯಿಯ ವಸ್ತುಸಂಗ್ರಹಾಲಯಕ್ಕೆ ದೊರೆತಿದ್ದುದು ಅರ್ಧಚಂದ್ರಾಕಾರದ ನಿವೇಶನ. 1909ರ ಸ್ಪರ್ಧೆಯಲ್ಲಿ ಅವರ ನಕ್ಷೆಯೇ ಆಯ್ಕೆಯಾಯಿತು. ಚೌಕದ ಮೇಲೆ ದುಂಡು ಗುಮ್ಮಟವನ್ನು ನಿಲ್ಲಿಸುವುದು ಹೇಗೆ? ಒಳಗಣ ಕಮಾನುಗಳಿಗೆ ಅವರು ವಿಜಾಪುರದ ಗೋಲಗುಮ್ಮಟವನ್ನೇ ಮಾದರಿಯಾಗಿ ಕೊಂಡರು. ಗೋಡೆಗಳಿಗೆ ಕುರ್ಲಾದ ಬೂದುಗಲ್ಲೂ ನಮ್ಮ ಈ ಮಲಾಡಿನ ಹಳದಿಗಲ್ಲೂ ಒದಗಿದವು. ಹುಟ್ಟಿದ ನಾಡನ್ನು ಬಿಟ್ಟು ಬಂದ ನಾವು ಅಲ್ಲಿ ನಿಂತಾಗ ಎರಡೂ ಊರುಗಳನ್ನು ಒಟ್ಟಿಗೆ ಕಾಣುತ್ತೇವೆ.

ಗೇಟ್‌ವೇ ಆಫ್ ಇಂಡಿಯಾಕ್ಕಾದರೋ ಇದ್ದ ನೆಲವೇ ಸಾಲಲಿಲ್ಲ. ಮೊದಲು ಕಡಲಂಚನ್ನು ತುಂಬಿದರು. 1920ರಲ್ಲಿ ಅಡಿಪಾಯ ಮುಗಿಯಿತು, 1924ರಲ್ಲಿ ಕಟ್ಟಡ. ಎದುರಿನ ರಾಜಮಾರ್ಗಕ್ಕೆ ಹಣವೊದಗದೆ, ಅದು ರಸ್ತೆಗೆ ಓರೆಯಾಗಿಯೇ ಉಳಿಯಿತು. 1926ರಲ್ಲಿ ಮುಂಬಯಿಯಲ್ಲೇ ತೀರಿಕೊಂಡ ವಿಟೆಟ್ ಮಹಾಶಯರ ಸಮಾಧಿ ಶಿವಡಿಯಲ್ಲಿದೆ.